ಕಾಲೇಜಿಂದ ಪಾಸೌಟ್ ಆದವರು, ಬಿಸಿಲಿಗೆ ಪಾಸೌಟ್ ಆದವರು

"ಐ ಪಾಸ್ಡ್ ಔಟ್ ಇನ್ 2016." ಬೆಂಗಳೂರಿನ ಯಾವುದೇ ಕಂಪನಿಯ ಇಂಟರ್‌ವ್ಯೂನಲ್ಲಿ ಹೀಗೆ ಹೇಳಿದರೆ ಎದುರು ಕೂತವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಇದೇ ಮಾತನ್ನು ಶಿಕಾಗೋದಲ್ಲಿ ಹುಟ್ಟಿ ಬೆಳೆದ ಮ್ಯಾನೇಜರ್ ಒಬ್ಬರಿಗೆ ಹೇಳಿ ನೋಡಿ. ಅರೆಗಳಿಗೆ ಸುಮ್ಮನಾಗುತ್ತಾರೆ. ಅವರಿಗೆ ಕೇಳಿಸಿದ್ದು "2016ರಲ್ಲಿ ನಾನು ಎಚ್ಚರ ತಪ್ಪಿ ಬಿದ್ದೆ" ಅಂತ. ಆರೋಗ್ಯದ ವಿಷಯ, ಕೆದಕಿ ಕೇಳೋದೋ ಬೇಡವೋ ಅಂತ ಪಾಪ ಅವರಿಗೆ ಪೇಚಾಟ.

ತಪ್ಪು ಯಾರದ್ದು? ನನ್ನ ಪ್ರಕಾರ ಯಾರದ್ದೂ ಅಲ್ಲ. 'ಪಾಸ್ ಔಟ್' ಅನ್ನುವ ಈ ಜೋಡಿಗೆ ಇಂಗ್ಲಿಷಿನಲ್ಲೇ ಹಲವು ಅರ್ಥಗಳಿವೆ. ಒಂದೊಂದು ಅರ್ಥ ಒಂದೊಂದು ದೇಶದಲ್ಲಿ, ಒಂದೊಂದು ಗುಂಪಿನಲ್ಲಿ ಚಾಲ್ತಿಯಲ್ಲಿದೆ. ಇದನ್ನು 'ಭಾರತೀಯರ ತಪ್ಪು ಇಂಗ್ಲಿಷ್' ಅನ್ನುವ ಪಟ್ಟಿಗೆ ಸೇರಿಸಿ ನಗಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರು ಹೇಳುವುದು ಅರ್ಧ ಮಾತ್ರ ಸರಿ. ಉಳಿದರ್ಧ ತಿಳಿಯಬೇಕಾದರೆ ಸೇನೆಯ ಕವಾಯತು ಮೈದಾನದವರೆಗೆ ಹೋಗಿಬರಬೇಕು.

ಮೊದಲು ಪದದ ಒಳಗೆ ಏನಿದೆ ನೋಡೋಣ. ಪಾಸ್ ಅಂದರೆ ದಾಟು, ಸಾಗು. ಔಟ್ ಅಂದರೆ ಹೊರಗೆ. ಎರಡೂ ಸೇರಿದರೆ 'ಹೊರಗೆ ಸಾಗು' ಆಗಬೇಕು ತಾನೆ? ಹಾಗಿದ್ದರೆ ಎಚ್ಚರ ತಪ್ಪುವುದು ಎಲ್ಲಿಂದ ಬಂತು?

ಇಂಥ ಜೋಡಿಗಳಿಗೆ ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಅಂತ ಹೆಸರು. ಒಂದು ಸಾದಾ ಕ್ರಿಯಾಪದ, ಅದರ ಬಾಲಕ್ಕೆ ಅಪ್, ಔಟ್, ಆಫ್, ಆನ್, ಓವರ್ ಅಂತ ಒಂದು ಪುಟ್ಟ ಪದ. ಆ ಪುಟ್ಟ ಪದವೇ ಇಡೀ ಅರ್ಥವನ್ನು ತಿರುಗಿಸಿಬಿಡುತ್ತದೆ. ಇಂಗ್ಲಿಷ್ ಕಲಿಯುವವರು ಇದನ್ನು ಕಂಡು ತಲೆ ಚಚ್ಚಿಕೊಳ್ಳುತ್ತಾರೆ. ಆದರೆ ಕನ್ನಡದವರು ದಿನವೂ ಇಂಥದ್ದನ್ನೇ ಮಾಡುತ್ತೇವೆ, ಗಮನಿಸಿರುವುದಿಲ್ಲ ಅಷ್ಟೇ. 'ತಿಂದ', 'ತಿಂದುನೋಡಿದ', 'ತಿಂದುಹಾಕಿದ', 'ತಿಂದುಬಿಟ್ಟ' ಇವಿಷ್ಟನ್ನೂ ಒಮ್ಮೆ ಹೇಳಿಕೊಳ್ಳಿ. ತಿಂದುನೋಡಿದವನು ಕಣ್ಣಿಂದ ಏನನ್ನೂ ನೋಡಲಿಲ್ಲ. ತಿಂದುಬಿಟ್ಟವನು ತಟ್ಟೆಯಲ್ಲಿ ಏನನ್ನೂ ಬಿಡಲಿಲ್ಲ! 'ಬಿಡು' ಅನ್ನುವ ಪದ ಅಲ್ಲಿ ತನ್ನ ಮೂಲ ಅರ್ಥ ಕಳೆದುಕೊಂಡು, 'ಪೂರ್ತಿ ಮುಗಿಯಿತು' ಅನ್ನುವ ಗುರುತಾಗಿ ನಿಂತಿದೆ. ನಮ್ಮಲ್ಲಿ ಬಾಲಕ್ಕೆ ಬರುವುದು ಇನ್ನೊಂದು ಕ್ರಿಯಾಪದ, ಅವರಲ್ಲಿ ದಿಕ್ಕು ತೋರಿಸುವ ಪುಟ್ಟ ಪದ. ವ್ಯತ್ಯಾಸ ಇಷ್ಟೇ.

ಹಾಗಾಗಿ ಗುಟ್ಟು ಇರುವುದು 'ಔಟ್'ನಲ್ಲಿ. ಇಂಗ್ಲಿಷಿನಲ್ಲಿ ಔಟ್ ಅಂದರೆ ಬರೀ ಹೊರಗೆ ಅಂತಲ್ಲ. ದೀಪ ಆರಿದರೂ ಔಟ್, ಬೆಂಕಿ ನಂದಿದರೂ ಔಟ್. ಹಾಸ್ಟೆಲ್‌ಗಳಲ್ಲಿ 'ಲೈಟ್ಸ್ ಔಟ್' ಅನ್ನುತ್ತಾರಲ್ಲ, ಅದೇ. ಬಾಕ್ಸಿಂಗ್‌ನಲ್ಲಿ ಒಂದೇ ಗುದ್ದಿಗೆ ನೆಲ ಹಿಡಿದವನು 'ನಾಕೌಟ್' ಆಗುತ್ತಾನೆ. ಪ್ರಜ್ಞೆ ಅನ್ನುವ ದೀಪ ಆರಿಹೋಯಿತು ಅನ್ನುವ ಲೆಕ್ಕ. 'ಪಾಸ್ ಔಟ್' ಅಂದರೆ ಎಚ್ಚರ ತಪ್ಪುವುದು ಅಂತ ಆಗಿದ್ದು ಈ ಔಟ್‌ನಿಂದ.

ಇನ್ನೊಂದು ಔಟ್ ಇದೆ, ಹಂಚುವ ಔಟ್. ಹ್ಯಾಂಡ್ ಔಟ್, ಗಿವ್ ಔಟ್ ಅಂತೆಲ್ಲ ಬರುತ್ತದಲ್ಲ, ಅದು. 'ದ ಟೀಚರ್ ಪಾಸ್ಡ್ ಔಟ್ ದ ಪೇಪರ್ಸ್' ಅಂದರೆ ಮೇಷ್ಟ್ರು ಕಾಗದಗಳನ್ನು ಹಂಚಿದರು. ಮೇಷ್ಟ್ರಿಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದಾರೆ.

ಮೂರನೆಯದು ನಮಗೆಲ್ಲ ಗೊತ್ತಿರುವ ಔಟ್, ಹೊರಬೀಳುವ ಔಟ್. ತರಬೇತಿ ಮುಗಿಸಿ ಸಂಸ್ಥೆಯಿಂದ ಹೊರಗೆ ಕಾಲಿಡುವುದು. ನಮ್ಮ 'ಕಾಲೇಜಿಂದ ಪಾಸೌಟ್ ಆದೆ' ಈ ಗುಂಪಿಗೆ ಸೇರಿದ್ದು.

ಈ ಮೂರರಲ್ಲಿ ಜಗತ್ತಿನ ಹೆಚ್ಚಿನ ಇಂಗ್ಲಿಷ್ ಮಾತುಗಾರರ ಬಾಯಲ್ಲಿ ಜಾಸ್ತಿ ಓಡಾಡುವುದು ಮೊದಲನೆಯದೇ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಿಂತ ಮನುಷ್ಯ ಇದ್ದಕ್ಕಿದ್ದಂತೆ ಕುಸಿಯುತ್ತಾನೆ ಅಂದುಕೊಳ್ಳಿ. ಮಿದುಳಿಗೆ ಹೋಗುವ ರಕ್ತ ಕೆಲವು ಸೆಕೆಂಡು ಕಡಿಮೆಯಾಗಿರುತ್ತದೆ. ಕಣ್ಣು ಕತ್ತಲೆ ಬರುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಮೈ ಬೆವರುತ್ತದೆ, ಕೈಕಾಲಿನ ಹಿಡಿತ ತಪ್ಪುತ್ತದೆ. ನೆಲಕ್ಕೆ ಬಿದ್ದು ಅಡ್ಡವಾದ ಮೇಲೆ ರಕ್ತ ಮತ್ತೆ ತಲೆಗೆ ಹರಿಯುತ್ತದೆ, ಸಾಮಾನ್ಯವಾಗಿ ಬೇಗ ಎಚ್ಚರ ಬರುತ್ತದೆ. ವೈದ್ಯರು ಇದಕ್ಕೆ ಸಿಂಕಪಿ ಅನ್ನುತ್ತಾರೆ. ಬರವಣಿಗೆಯಲ್ಲಿ 'ಫೇಂಟ್' ಅನ್ನುವ ಪದ ಬರುತ್ತದೆ. ಮಾತಿನಲ್ಲಿ ಬರುವುದು 'ಪಾಸ್ ಔಟ್'. ಬಿಸಿಲಿಗೆ ಪಾಸ್ ಔಟ್ ಆಗಬಹುದು, ಹಸಿವಿಗೆ ಆಗಬಹುದು, ರಕ್ತ ಕಂಡು ಆಗಬಹುದು. ಕುಡಿದು ಜಾಸ್ತಿಯಾಗಿ ಸೋಫಾ ಮೇಲೆ ಬಿದ್ದವನಿಗೂ ಇದೇ ಪದ. ಅಮೆರಿಕದ ಹುಡುಗರಂತೂ ಇನ್ನೂ ಸಡಿಲವಾಗಿ ಬಳಸುತ್ತಾರೆ. ಕೆಲಸದಿಂದ ಸುಸ್ತಾಗಿ ಬಂದು ಬಟ್ಟೆನೂ ಬದಲಿಸದೆ ನಿದ್ದೆಗೆ ಜಾರಿದರೆ ಅದೂ ಪಾಸ್ ಔಟ್. ಅಲ್ಲಿ ಕಾಯಿಲೆಯ ಮಾತೇ ಇಲ್ಲ, ಬರೀ ಸತ್ತಂಥ ನಿದ್ದೆ.

ಇದರ ಪಕ್ಕದಲ್ಲೇ 'ಬ್ಲ್ಯಾಕ್ ಔಟ್' ಅಂತ ಇನ್ನೊಂದಿದೆ. ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಬ್ಲ್ಯಾಕ್ ಔಟ್ ಅಂದರೂ ಎಚ್ಚರ ತಪ್ಪುವುದು ಅಂತ ಒಂದು ಅರ್ಥ ಇದೆ, ನಿಜ. ಆದರೆ ಕುಡಿತದ ಮಾತು ಬಂದಾಗ ಇವು ಬೇರೆ ಬೇರೆ. ಪಾಸ್ ಔಟ್ ಆದವನು ಬಿದ್ದುಕೊಂಡಿರುತ್ತಾನೆ. ಬ್ಲ್ಯಾಕ್ ಔಟ್ ಆದವನು ಎದ್ದು ಓಡಾಡುತ್ತಿರಬಹುದು, ಹಾಡುತ್ತಿರಬಹುದು, ಜಗಳ ಆಡುತ್ತಿರಬಹುದು. ಬೆಳಗ್ಗೆ ಎದ್ದರೆ ಅದ್ಯಾವುದೂ ನೆನಪಿರುವುದಿಲ್ಲ. ಒಬ್ಬನಿಗೆ ಎಚ್ಚರ ಹೋಗಿದೆ, ಇನ್ನೊಬ್ಬನಿಗೆ ನೆನಪು ಹೋಗಿದೆ.

ಈ ಅರ್ಥ ತಿಳಿದಿರುವುದು ಸುಮ್ನೆ ಇಂಗ್ಲಿಷ್ ಚೆನ್ನಾಗಿರಲಿ ಅಂತ ಅಲ್ಲ. ಮಕ್ಕಳ ಮನೆಗೆ ಅಂತ ಅಮೆರಿಕಕ್ಕೋ ಕೆನಡಾಕ್ಕೋ ಹೋದ ಅಪ್ಪ ಅಮ್ಮಂದಿರು ಎಷ್ಟೊಂದು ಜನ. ಅಮ್ಮ ಬಚ್ಚಲಲ್ಲಿ ಜಾರಿಬಿದ್ದರು, ಆಸ್ಪತ್ರೆಗೆ ಕರೆದುಕೊಂಡು ಹೋದರು ಅಂದುಕೊಳ್ಳಿ. ನರ್ಸ್ ಮೊದಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, "ಡಿಡ್ ಶೀ ಪಾಸ್ ಔಟ್?" ಮಗ ಅದನ್ನು ಅಮ್ಮನಿಗೆ ದಾಟಿಸಬೇಕು. "ಅಮ್ಮ, ತಲೆ ಸುತ್ತು ಬಂತಾ?" ಅಂತ ಕೇಳಿದರೆ ಅಮ್ಮ "ಹೂಂ ಕಣೋ, ಬಂತು" ಅಂದುಬಿಡುತ್ತಾರೆ. ಮಗ 'ಯೆಸ್' ಅನ್ನುತ್ತಾನೆ. ಅಲ್ಲಿಗೆ ಅಮ್ಮ ಪ್ರಜ್ಞೆ ಕಳೆದುಕೊಂಡಿದ್ದರು ಅಂತ ದಾಖಲಾಯಿತು. ಪರೀಕ್ಷೆಗಳ ಸಾಲು ಶುರುವಾಗಬಹುದು. ತಲೆ ಸುತ್ತುವುದು ಬೇರೆ, ಅದಕ್ಕೆ ಅವರು 'ಡಿಜಿ' ಅನ್ನುತ್ತಾರೆ. ಎಚ್ಚರ ತಪ್ಪುವುದು ಬೇರೆ. ಕೇಳಬೇಕಾದದ್ದು ಹೀಗೆ: "ಅಮ್ಮ, ಬಿದ್ದಾಗ ನಿಂಗೆ ಎಚ್ಚರ ಇತ್ತಾ? ಬಿದ್ದಿದ್ದು ನೆನಪಿದೆಯಾ?" ಆಗ "ಇತ್ತು ಕಣೋ, ಕಾಲು ಜಾರ್ತು, ನಲ್ಲಿ ಹಿಡ್ಕೊಳ್ಳೋಕೆ ಹೋದೆ, ಸಿಗಲಿಲ್ಲ" ಅಂತ ಪೂರ್ತಿ ಕಥೆ ಬರುತ್ತದೆ. ಅದು ಪಾಸ್ ಔಟ್ ಅಲ್ಲ. ಉಲ್ಟಾ ಆದರೂ ಕಷ್ಟವೇ. ನಿಜವಾಗಿ ಎಚ್ಚರ ತಪ್ಪಿದ್ದನ್ನು ಬರೀ 'ಡಿಜಿ' ಅಂದುಬಿಟ್ಟರೆ, ಹೃದಯದ ಬಡಿತವನ್ನು ನೋಡಬೇಕಿದ್ದ ವೈದ್ಯರು ನೋಡದೇ ಇರಬಹುದು.

ಈಗ ಕವಾಯತು ಮೈದಾನಕ್ಕೆ ಬರೋಣ.

ಬ್ರಿಟಿಷ್ ಇಂಗ್ಲಿಷಿನಲ್ಲಿ ಸೇನೆಯ ತರಬೇತಿ ಮುಗಿಸಿ ಹೊರಬರುವುದಕ್ಕೆ 'ಪಾಸ್ ಔಟ್' ಅನ್ನುವುದು ಹಳೆಯ, ಗೌರವದ ಪ್ರಯೋಗ. ಇಂಗ್ಲೆಂಡಿನ ದೊಡ್ಡ ನಿಘಂಟುಗಳು ಇವತ್ತಿಗೂ ಈ ಅರ್ಥವನ್ನು ಕೊಡುತ್ತವೆ, ಪಕ್ಕದಲ್ಲಿ 'ಬ್ರಿಟಿಷ್' ಅಂತ ಗುರುತು ಹಾಕುತ್ತವೆ. ವಿನ್‌ಸ್ಟನ್ ಚರ್ಚಿಲ್ 1930ರಲ್ಲಿ ಪ್ರಕಟಿಸಿದ ತಮ್ಮ ಯೌವನದ ನೆನಪುಗಳಲ್ಲಿ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಕಾಲೇಜು ಮುಗಿಸಿದ್ದನ್ನು ಹೇಳುವಾಗ ಬಳಸಿದ್ದು ಇದೇ ಪದ. ಚರ್ಚಿಲ್ ಇಂಗ್ಲಿಷನ್ನು ಯಾರೂ ತಪ್ಪು ಇಂಗ್ಲಿಷ್ ಅನ್ನಲಾರರು, ಅಲ್ವಾ?

ಆ ಸ್ಯಾಂಡ್‌ಹರ್ಸ್ಟ್‌ಗೂ ನಮಗೂ ನಂಟಿದೆ. ಮಡಿಕೇರಿಯಲ್ಲಿ ಹುಟ್ಟಿ ಮುಂದೆ ಭಾರತದ ಸೇನಾ ಮುಖ್ಯಸ್ಥರಾದ ಕೆ.ಎಸ್. ತಿಮ್ಮಯ್ಯ ಅಲ್ಲಿ ತರಬೇತಿ ಮುಗಿಸಿ 1926ರಲ್ಲಿ ಅಧಿಕಾರಿಯಾದವರು. ಆಮೇಲೆ 1932ರಲ್ಲಿ ಡೆಹ್ರಾಡೂನಿನಲ್ಲಿ ಇಂಡಿಯನ್ ಮಿಲಿಟರಿ ಅಕಾಡೆಮಿ ಶುರುವಾಯಿತು, 40 ಕೆಡೆಟ್‌ಗಳೊಂದಿಗೆ. ಆ ಮೊದಲ ತಂಡ ಪಾಸ್ ಔಟ್ ಆದದ್ದು 1934ರ ಡಿಸೆಂಬರಿನಲ್ಲಿ. ಅದರಲ್ಲಿ ಸ್ಯಾಮ್ ಮಾಣೆಕ್ ಷಾ ಇದ್ದರು. ಬೆಂಗಳೂರಿನಲ್ಲಿ ಪ್ರತಿ ಗಣರಾಜ್ಯೋತ್ಸವದ ಕವಾಯತು ನಡೆಯುವ ಮೈದಾನಕ್ಕೆ ಇರುವುದು ಅವರದೇ ಹೆಸರು.

ಅಕಾಡೆಮಿಯಲ್ಲಿ ಈಗಲೂ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರಿನಲ್ಲಿ, 'ಪಾಸಿಂಗ್ ಔಟ್ ಪರೇಡ್' ನಡೆಯುತ್ತದೆ. ಕವಾಯತಿನ ಕೊನೆಗೆ ಕೆಡೆಟ್‌ಗಳು ನಿಧಾನ ನಡಿಗೆಯಲ್ಲಿ ಚೆಟ್‌ವುಡ್ ಕಟ್ಟಡದ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾರೆ. ಆ ಗಡಿ ದಾಟುವ ಹೆಜ್ಜೆಗೆ ಹಿಂದಿಯಲ್ಲಿ 'ಅಂತಿಮ್ ಪಗ್', ಅಂದರೆ ಕೊನೆಯ ಹೆಜ್ಜೆ. ಅದಾದ ಮೇಲೆ ಅವರು ಕೆಡೆಟ್‌ಗಳಲ್ಲ, ಅಧಿಕಾರಿಗಳು. ಇಲ್ಲೊಂದು ಸೊಗಸು ಇದೆ. ಪಾಸ್ ಅನ್ನುವ ಪದದ ಬೇರು ಲ್ಯಾಟಿನ್ನಿನ 'ಪಾಸುಸ್'. ಅದರ ಅರ್ಥವೂ ಹೆಜ್ಜೆ ಅಂತಲೇ. ಹಾಗಾಗಿ ಹೆಜ್ಜೆ ಹಾಕುತ್ತಾ ಹೊರಬೀಳುವುದು ಈ ಪದದ ತೀರಾ ನೇರವಾದ ಅರ್ಥ. ಎಚ್ಚರ ತಪ್ಪುವುದೇ ಸುತ್ತಿ ಬಳಸಿ ಬಂದದ್ದು.

ನಮ್ಮ ಪೊಲೀಸ್ ಇಲಾಖೆಯಲ್ಲೂ ಇದೇ ಪದ್ಧತಿ. ಮೈಸೂರಿನ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ ಸಬ್ ಇನ್‌ಸ್ಪೆಕ್ಟರ್‌ಗಳ ಕವಾಯತಿನ ಸುದ್ದಿ ಬಂದಾಗ ಕನ್ನಡ ಪತ್ರಿಕೆಗಳು 'ನಿರ್ಗಮನ ಪಥಸಂಚಲನ' ಅಂತ ಬರೆಯುತ್ತವೆ. ಸ್ವಲ್ಪ ಭಾರದ ಪದ, ಬಾಯಿಮಾತಿನಲ್ಲಿ ಯಾರೂ ಹೇಳುವುದಿಲ್ಲ. ಆದರೆ ಅರ್ಥ ಕರಾರುವಾಕ್ಕು. ಇಂಗ್ಲೆಂಡಿನಲ್ಲಿ ಅಗ್ನಿಶಾಮಕ ದಳದವರಿಗೂ ಇಂಥ ಪರೇಡ್ ಉಂಟು. ಪಾಕಿಸ್ತಾನದ ಕಾಕುಲ್ ಅಕಾಡೆಮಿಯಲ್ಲೂ ಉಂಟು. ಬ್ರಿಟಿಷರು ಆಳಿ ಹೋದ ಕಡೆಗಳಲ್ಲಿ ಈ ಮಾತು ಗಟ್ಟಿಯಾಗಿ ಉಳಿದುಕೊಂಡಿದೆ.

ಹಾಗಾದರೆ ಕವಾಯತು ಮೈದಾನದಲ್ಲಿ ಎರಡೂ ಅರ್ಥಗಳು ಎದುರುಬದುರಾದರೆ? ಆಗಿದ್ದೂ ಇದೆ. 2023ರ ಜೂನ್ 10ರಂದು ಲಂಡನ್ನಿನಲ್ಲಿ ರಾಜಕುಮಾರ ವಿಲಿಯಂ ಎದುರು 'ಟ್ರೂಪಿಂಗ್ ದ ಕಲರ್' ಕವಾಯತಿನ ತಾಲೀಮು ನಡೆಯುತ್ತಿತ್ತು. ಬಿಸಿಲು ಸುಮಾರು 30 ಡಿಗ್ರಿ. ರಾಯಚೂರಿನವರು ನಕ್ಕಾರು, ಆದರೆ ಆ ಸೈನಿಕರ ಮೈಮೇಲೆ ದಪ್ಪ ಉಣ್ಣೆಯ ಕೋಟು, ತಲೆ ಮೇಲೆ ಕರಡಿ ತುಪ್ಪಳದ ಎತ್ತರದ ಟೋಪಿ. ಕಡೇಪಕ್ಷ ಮೂವರು ಸೈನಿಕರು ಅಲ್ಲೇ ಕುಸಿದುಬಿದ್ದರು. ಅವರಲ್ಲಿ ಒಬ್ಬ ಟ್ರಾಂಬೋನ್ ನುಡಿಸುವವನು, ಎದ್ದು ಮತ್ತೆ ನುಡಿಸಲು ನೋಡಿದ. ಪರೇಡ್‌ನಲ್ಲಿ ಅವರು ಪಾಸ್ ಔಟ್ ಆದರು. ಆದರೆ ಅದು ಪಾಸಿಂಗ್ ಔಟ್ ಪರೇಡ್ ಅಲ್ಲ!

ಸೈನಿಕರಂಥ ಗಟ್ಟಿಗರು ಬೀಳುವುದಕ್ಕೆ ಕಾರಣ ಬಿಸಿಲೊಂದೇ ಅಲ್ಲ. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಒತ್ತಿ ಮೇಲೆ ಕಳಿಸುತ್ತಿರುತ್ತವೆ. ಮಂಡಿ ಬಿಗಿಹಿಡಿದು ಕದಲದೆ ನಿಂತರೆ ಆ ಕೆಲಸ ನಿಲ್ಲುತ್ತದೆ. ರಕ್ತ ಕಾಲಲ್ಲೇ ನಿಲ್ಲುತ್ತದೆ, ತಲೆಗೆ ಕಡಿಮೆಯಾಗುತ್ತದೆ. ಶೂ ಒಳಗೆ ಬೆರಳುಗಳನ್ನು ಆಡಿಸುತ್ತಿರಿ, ಮಂಡಿ ತೀರಾ ಬಿಗಿ ಮಾಡಬೇಡಿ ಅಂತ ಸೈನಿಕರಿಗೆ ಹೇಳಿಕೊಡುವುದು ಇದಕ್ಕೇ. ಆಗಸ್ಟ್ 15ರ ದಿನ ಖಾಲಿ ಹೊಟ್ಟೆಯಲ್ಲಿ ಬಂದು, ಮುಖ್ಯ ಅತಿಥಿಗಳ ಉದ್ದ ಭಾಷಣದ ನಡುವೆ ದೊಪ್ಪನೆ ಬೀಳುವ ಹೈಸ್ಕೂಲ್ ಮಕ್ಕಳಿಗೂ ಆಗುವುದು ಇದೇ.

ಸರಿ, ಸೇನೆಯ ಪದ ನಮ್ಮ ಡಿಗ್ರಿ ಕಾಲೇಜುಗಳಿಗೆ ಹೇಗೆ ಬಂತು? ಒಂದು ದಾರಿ ಸ್ಪಷ್ಟವಾಗಿ ಕಾಣುತ್ತದೆ. ಬ್ರಿಟಿಷರ ಕಾಲದಲ್ಲಿ ಈ ಪ್ರಯೋಗ ಸೇನೆಗಷ್ಟೇ ಮೀಸಲಾಗಿರಲಿಲ್ಲ. ಭಾರತದ ಲೋಕೋಪಯೋಗಿ ಇಲಾಖೆಗೆ ಎಂಜಿನಿಯರುಗಳನ್ನು ತಯಾರು ಮಾಡಲೆಂದೇ ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ ಒಂದು ಕಾಲೇಜಿತ್ತು, 1872ರಿಂದ 1906ರವರೆಗೆ. ಅಲ್ಲಿ ಓದು ಮುಗಿಸಿದವರನ್ನು ಕುರಿತು ಬರೆಯುವಾಗಲೂ 'ಕೂಪರ್ಸ್ ಹಿಲ್‌ನಿಂದ ಪಾಸ್ಡ್ ಔಟ್' ಅಂತಲೇ ಬರೆಯುತ್ತಿದ್ದರು. ಸರ್ಕಾರಿ ಸೇವೆಗೆ ಸೇರಿಸುವ ತರಬೇತಿ ಕಾಲೇಜು ಅಂದಮೇಲೆ, ಅದು ಸೇನೆಯದಾದರೇನು ಸೇತುವೆ ಕಟ್ಟುವವರದಾದರೇನು, ಪದ ಒಂದೇ. ಹಾಗೆ ಎಂಜಿನಿಯರಿಂಗ್ ಜಗತ್ತಿಗೆ ಅದು ಮೊದಲೇ ಕಾಲಿಟ್ಟಿತ್ತು.

ಇದರ ಜೊತೆಗೆ ನಮ್ಮ ಪರೀಕ್ಷೆಯ ಗೀಳೂ ಸೇರಿಕೊಂಡಿರಬೇಕು ಅನ್ನುವುದು ನನ್ನ ಊಹೆ. ನಮಗೆ ಓದು ಮುಗಿಸುವುದು ಅಂದರೆ ಪಾಸಾಗುವುದು. ತೇರ್ಗಡೆ ಅನ್ನುವ ಚೆಂದದ ಕನ್ನಡ ಪದ ಅಂಕಪಟ್ಟಿಯಲ್ಲಿ ಕೂತಿದೆ, ಬಾಯಲ್ಲಿರುವುದು ಪಾಸೇ. 'ಮಗ ಪಾಸಾದ್ನಾ?' ಅಂತಲೇ ಎಲ್ಲರೂ ಕೇಳುವುದು. ಪಾಸಾಗಿ ಹೊರಗೆ ಬಂದರೆ ಪಾಸೌಟ್. ಕೇಳಿದವರಿಗೆ ತಟ್ಟನೆ ಅರ್ಥವಾಗುತ್ತದೆ, ವಿವರಣೆ ಬೇಕಾಗಿಲ್ಲ. ಇಷ್ಟು ಸಲೀಸಾಗಿ ಕೂಡುವ ಪದ ಯಾಕೆ ಬೇರು ಬಿಡುವುದಿಲ್ಲ? ಈಗಂತೂ ನಾವು ಅದನ್ನು ನಾಮಪದವನ್ನಾಗಿಯೂ ಮಾಡಿಕೊಂಡಿದ್ದೇವೆ. ಕೆಲಸದ ಜಾಹೀರಾತುಗಳಲ್ಲಿ '2024 ಪಾಸೌಟ್ಸ್ ಓನ್ಲಿ' ಅಂತ ಇರುತ್ತದೆ. ಪ್ಲೇಸ್‌ಮೆಂಟ್ ಮಾತಿನಲ್ಲಿ "ನೀನು ಯಾವ ವರ್ಷದ ಪಾಸೌಟ್?" ಅನ್ನುವುದು ಹೆಸರು ಕೇಳಿದಷ್ಟೇ ಸಹಜ. ಅಂದಹಾಗೆ, ಆಸ್ಟ್ರೇಲಿಯಾದಲ್ಲೂ 'ಪಾಸೌಟ್' ಅನ್ನುವ ನಾಮಪದ ಇದೆ. ಅಲ್ಲಿ ಅದು ಸಂಗೀತ ಕಾರ್ಯಕ್ರಮದಿಂದ ಸ್ವಲ್ಪ ಹೊತ್ತು ಹೊರಗೆ ಹೋಗಿ ಮತ್ತೆ ಒಳಗೆ ಬರಲು ಕೊಡುವ ಚೀಟಿ. 'ನೋ ಪಾಸೌಟ್ಸ್' ಅಂತ ಬೋರ್ಡ್ ಇದ್ದರೆ ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಅಲ್ಲ, ಹೊರಗೆ ಹೋದರೆ ಮತ್ತೆ ಬಿಡುವುದಿಲ್ಲ ಅಂತ.

ಒಂದು ದೇಶದ ಇಷ್ಟೊಂದು ಜನ ಒಂದು ಪದವನ್ನು ಒಂದೇ ಅರ್ಥದಲ್ಲಿ ಬಳಸಿ, ಒಬ್ಬರಿಗೊಬ್ಬರಿಗೆ ಅದು ಸರಿಯಾಗಿ ಅರ್ಥವಾಗುತ್ತಿದ್ದರೆ ಅದನ್ನು ತಪ್ಪು ಅನ್ನುವುದಕ್ಕೆ ನನಗಂತೂ ಮನಸ್ಸಿಲ್ಲ. ಅದು ನಮ್ಮ ಇಂಗ್ಲಿಷ್. ತೊಂದರೆ ಬರುವುದು ಕೇಳುವವರು ಬೇರೆ ಇಂಗ್ಲಿಷಿನವರಾದಾಗ ಮಾತ್ರ. ಆಗ ನಮ್ಮ ವಾಕ್ಯಗಳು ಎಂಥ ವೇಷ ತೊಡುತ್ತವೆ ನೋಡಿ.

'ಐ ಪಾಸ್ಡ್ ಔಟ್ ಫ್ರಮ್ ಎಂಜಿನಿಯರಿಂಗ್ ಕಾಲೇಜ್.' ಇಲ್ಲಿರುವ 'ಫ್ರಮ್' ಬಹಳ ಕಿತಾಪತಿ ಮಾಡುತ್ತದೆ. ಎಚ್ಚರ ತಪ್ಪುವ ಪಾಸ್ ಔಟ್ ಮುಂದೆ ಫ್ರಮ್ ಬಂದರೆ ಅದು ಕಾರಣ ಹೇಳುತ್ತದೆ. 'ಪಾಸ್ಡ್ ಔಟ್ ಫ್ರಮ್ ದ ಹೀಟ್' ಅಂದರೆ ಸೆಕೆಗೆ ಎಚ್ಚರ ತಪ್ಪಿತು. ಹಾಗಾಗಿ ಅಮೆರಿಕದವರ ಕಿವಿಗೆ ನಮ್ಮ ವಾಕ್ಯ 'ಎಂಜಿನಿಯರಿಂಗ್ ಕಾಲೇಜಿನ ಕಾಟಕ್ಕೆ ಎಚ್ಚರ ತಪ್ಪಿಬಿದ್ದೆ' ಅಂತ ಕೇಳಿಸುತ್ತದೆ. ಕೆಲವರ ವಿಷಯದಲ್ಲಿ ಅದೂ ನಿಜ ಇರಬಹುದು, ಆ ಮಾತು ಬೇರೆ. ಬ್ರಿಟಿಷರ ಸೇನಾ ಪ್ರಯೋಗದಲ್ಲಿ ಸಾಮಾನ್ಯವಾಗಿ ಬರುವುದು 'ಔಟ್ ಆಫ್'. 'ಹೀ ಪಾಸ್ಡ್ ಔಟ್ ಆಫ್ ಸ್ಯಾಂಡ್‌ಹರ್ಸ್ಟ್' ಅಂದಾಗ ಹೊರಬಂದ ಜಾಗ ತಕ್ಷಣ ಕಾಣುತ್ತದೆ.

'ಐ ಪಾಸ್ಡ್ ಔಟ್ ಇನ್ ಫಸ್ಟ್ ಕ್ಲಾಸ್.' ಇದು ಇನ್ನೂ ಮಜಾ. 'ಫಸ್ಟ್ ಕ್ಲಾಸಲ್ಲಿ ಪಾಸಾದೆ' ಅನ್ನುವ ಕನ್ನಡದ 'ಅಲ್ಲಿ' ಇಂಗ್ಲಿಷಿಗೆ ಹೋಗಿ 'ಇನ್' ಆಗಿ ಕೂತಿದೆ. ಹೊರಗಿನವರಿಗೆ ಕಾಣುವುದು ವಿಮಾನದ ದುಬಾರಿ ಸೀಟು, ಅದರಲ್ಲಿ ವಾಲಿಕೊಂಡು ಬಿದ್ದಿರುವ ನೀವು.

'ಪಾಸ್ಡ್ ಔಟ್ ಸ್ಟೂಡೆಂಟ್ಸ್ ಮೇ ಕಲೆಕ್ಟ್ ದೇರ್ ಸರ್ಟಿಫಿಕೇಟ್ಸ್' ಅಂತ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಇದ್ದರೆ, ಎಚ್ಚರ ತಪ್ಪಿರುವ ವಿದ್ಯಾರ್ಥಿಗಳು ಸರ್ಟಿಫಿಕೇಟ್ ತೆಗೆದುಕೊಂಡು ಹೋಗಬಹುದು ಅಂತ. ಎದ್ದು ಬರುವುದು ಹೇಗೋ!

ಕೇಳಿದ್ದು, ಓದಿದ್ದು ಯಾವ ಅರ್ಥ ಅಂತ ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಪಾಸ್ ಔಟ್ ಪಕ್ಕದಲ್ಲಿ ಒಂದು ವಸ್ತು ಇದೆಯಾ ನೋಡಿ. ಕಾಗದ, ಚಾಕಲೇಟು, ಕರಪತ್ರ ಏನಾದರೂ ಇದ್ದರೆ ಅದು ಹಂಚುವುದು. ಈ ಅರ್ಥದಲ್ಲಿ ಮಾತ್ರ ಜೋಡಿಯನ್ನು ಬಿಡಿಸಬಹುದು. 'ಪಾಸ್ ಔಟ್ ದ ಪೇಪರ್ಸ್' ಅನ್ನಬಹುದು, 'ಪಾಸ್ ದ ಪೇಪರ್ಸ್ ಔಟ್' ಅಂತಲೂ ಅನ್ನಬಹುದು. ಕಾಗದದ ಬದಲು 'ದೆಮ್' ಅನ್ನುವುದಾದರೆ ಅದು ನಡುವೆಯೇ ಬರಬೇಕು, 'ಪಾಸ್ ದೆಮ್ ಔಟ್' ಅಂತ. ವಸ್ತು ಏನೂ ಇಲ್ಲದೆ, ಒಂದು ಸಂಸ್ಥೆಯ ಹೆಸರೋ ಪರೇಡ್ ಮಾತೋ ಇದ್ದರೆ ತರಬೇತಿ ಮುಗಿಸಿದ್ದು. ಅದೂ ಇಲ್ಲ ಅಂದರೆ ಬಹುಪಾಲು ಎಚ್ಚರ ತಪ್ಪಿದ್ದೇ. ಬರೆಯುವಾಗ ಇನ್ನೊಂದು ಎಚ್ಚರಿಕೆ. ಪಾಸ್ಡ್ ಅನ್ನುವುದಕ್ಕೂ, ಕಳೆದುಹೋದ ಕಾಲಕ್ಕೆ ಹೇಳುವ 'ಪಾಸ್ಟ್' ಅನ್ನುವುದಕ್ಕೂ ಉಚ್ಚಾರ ಒಂದೇ. ಹಾಗಾಗಿ ಕಾಗುಣಿತ ಅದಲುಬದಲಾಗುವುದು ಬಹಳ ಸಾಮಾನ್ಯ. ಇಲ್ಲಿ ಬೇಕಾದದ್ದು ಎರಡು ಎಸ್, ಆಮೇಲೆ ಇ, ಡಿ.

ಪಾಸ್ ಕುಟುಂಬದ ಉಳಿದವರನ್ನೂ ಒಮ್ಮೆ ಮಾತಾಡಿಸಿಬಿಡೋಣ. 'ಪಾಸ್ ಅವೇ' ಅಂದರೆ ತೀರಿಕೊಳ್ಳುವುದು, ಸಾವಿಗೆ ಬಳಸುವ ಮೆದು ಮಾತು. 'ಪಾಸ್ ಆನ್' ಅಂದರೆ ವಿಷಯ ಮುಟ್ಟಿಸುವುದು, ಆದರೆ 'ಹೀ ಪಾಸ್ಡ್ ಆನ್' ಅಂದರೆ ಅದೂ ತೀರಿಕೊಂಡದ್ದೇ. 'ಪಾಸ್ ಅಪ್' ಅಂದರೆ ಬಂದ ಅವಕಾಶವನ್ನು ಕೈಬಿಡುವುದು. 'ಪಾಸ್ ಓವರ್' ಅಂದರೆ ಬಡ್ತಿ ಕೊಡುವಾಗ ನಿಮ್ಮನ್ನು ಬಿಟ್ಟು ಪಕ್ಕದವರಿಗೆ ಕೊಡುವುದು. ಇದರ ಅರ್ಥ ಹೇಳಿಕೊಡಬೇಕಾಗಿಲ್ಲ, ಆಫೀಸಿನಲ್ಲಿರುವ ಯಾರಿಗಾದರೂ ಗೊತ್ತು. 'ಪಾಸ್ ಆಫ್' ಮಾತ್ರ ಕೋರ್ಟು ಮೆಟ್ಟಿಲು ಹತ್ತಿದ ಪದ. ನಕಲಿಯನ್ನು ಅಸಲಿ ಅಂತ ನಂಬಿಸಿ ದಾಟಿಸುವುದು ಅಂತ ಅದರ ಅರ್ಥ. ಹೆಸರಾಂತ ಊದುಬತ್ತಿಯ ಪೊಟ್ಟಣದ ಬಣ್ಣ, ಅಕ್ಷರ ಎಲ್ಲ ಹಾಗೇ ಇಳಿಸಿ, ಒಂದಕ್ಷರ ಮಾತ್ರ ಬದಲಿಸಿ ಮಾರುತ್ತಾರಲ್ಲ, ಅದು 'ಪಾಸಿಂಗ್ ಆಫ್'. ಟ್ರೇಡ್‌ಮಾರ್ಕ್ ನೋಂದಣಿ ಆಗಿರದಿದ್ದರೂ ಇದರ ಮೇಲೆ ಕೇಸು ಹಾಕಬಹುದು. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 27ನೇ ಸೆಕ್ಷನ್ ಆ ಹಕ್ಕನ್ನು ಉಳಿಸಿಕೊಟ್ಟಿದೆ.

ತೀರಿಕೊಳ್ಳುವ ಮಾತು ಬಂತಲ್ಲ, ನಮ್ಮ ಅರ್ಜಿ ಫಾರಂಗಳಲ್ಲಿರುವ 'ಇಯರ್ ಆಫ್ ಪಾಸಿಂಗ್' ಕಾಲಂ ನೆನಪಿಸಿಕೊಳ್ಳಿ. ಇಂಗ್ಲೆಂಡ್, ಅಮೆರಿಕದಲ್ಲಿ ಒಬ್ಬ ಮನುಷ್ಯನ 'ಪಾಸಿಂಗ್' ಅಂದರೆ ಆತನ ಸಾವು. ಮೊದಲ ಸಲ ಆ ಫಾರಂ ನೋಡಿದ ಹೊರದೇಶದವರಿಗೆ, ತೀರಿಕೊಂಡ ವರ್ಷವನ್ನು ಅಭ್ಯರ್ಥಿಯೇ ತುಂಬಬೇಕಾ ಅನ್ನಿಸೀತು. ಇರಲಿ. ನಮ್ಮ ದೇಶದ ಫಾರಂ, ನಮ್ಮವರೇ ಓದುವುದು. ಅದನ್ನು ಹಾಗೇ ತುಂಬಿ. ಗೆಳೆಯರಿಗೆ, ಇಲ್ಲಿನ ಕಂಪನಿಗಳಿಗೆ 'ಪಾಸೌಟ್' ಅಂತ ಹೇಳುವುದರಲ್ಲೂ ಏನೂ ಕುಂದಿಲ್ಲ.

ರೆಸ್ಯೂಮೆ ಸಮುದ್ರ ದಾಟುವುದಿದ್ದರೆ ಮಾತ್ರ ಬದಲಿಸಿ. 'ಐ ಗ್ರ್ಯಾಜುಯೇಟೆಡ್ ಇನ್ 2016' ಅಂದರೆ ಸಾಕು. ಕಾಲೇಜಿನ ಹೆಸರು ಸೇರಿಸಬೇಕಾದರೆ ಇಲ್ಲಿ 'ಫ್ರಮ್' ಧಾರಾಳವಾಗಿ ಬಳಸಬಹುದು, 'ಗ್ರ್ಯಾಜುಯೇಟೆಡ್ ಫ್ರಮ್' ಎಲ್ಲ ಕಡೆಯೂ ಸರಿ. ಫಸ್ಟ್ ಕ್ಲಾಸ್ ಹೇಳಲೇಬೇಕು ಅಂದರೆ 'ವಿತ್ ಎ ಫಸ್ಟ್ ಕ್ಲಾಸ್' ಅನ್ನಿ. ವೀಸಾ ಇಂಟರ್‌ವ್ಯೂನಲ್ಲಿ ಗಾಬರಿಯಾಗಿ ಪದ ಹೊಳೆಯದಿದ್ದರೆ 'ಐ ಫಿನಿಶ್ಡ್ ಮೈ ಡಿಗ್ರಿ' ಅಂದರೂ ನಡೆಯುತ್ತದೆ, ಎದುರಿಗಿರುವವರು ಯಾವ ದೇಶದವರಾದರೂ ಅರ್ಥವಾಗುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ್ದನ್ನು ಹೇಳುವಾಗ ಸ್ವಲ್ಪ ನೋಡಿಕೊಳ್ಳಿ. ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿದವರೂ 'ಗ್ರ್ಯಾಜುಯೇಟ್' ಆಗುತ್ತಾರೆ. ಇಂಗ್ಲೆಂಡಿನಲ್ಲಿ ಆ ಪದ ಹೆಚ್ಚಾಗಿ ವಿಶ್ವವಿದ್ಯಾಲಯದ ಪದವಿಗೇ ಮೀಸಲು. ಅಲ್ಲಿಗೆ ಬರೆಯುವುದಾದರೆ 'ಫಿನಿಶ್ಡ್ ಸ್ಕೂಲ್' ಅಂತ ಬರೆದುಬಿಡಿ.